ಅಗಸಿಯ ಆಚೆಗೆ ಬೆಳೆದ ಓಣಿಗಳು

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಲೆಕ್ಕ ಹಾಕಿದರೆ 1,089 ಚದರ ಅಡಿ. ಹಳೆಯ ಮುಂಬೈ ಇಲಾಖೆಯ ಸರ್ವೆ ಸರಪಳಿಯ ಉದ್ದವೂ 33 ಅಡಿಯೇ. ಅದಕ್ಕೆ 16 ಆಣೆಯ ಗುರುತು. ಸರಪಳಿಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆದರೆ ಗುಂಟೆ. ಅಂಥ 40 ಗುಂಟೆ ಸೇರಿದರೆ ಎಕರೆ. ಭೂಮಾಪನ ಇಲಾಖೆಯ ನೌಕರನಾಗಿ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಎರೆಹೊಲಗಳಲ್ಲಿ ಈ ಸರಪಳಿಯ ಹಿಂದೆ ನಡೆದೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆಯಿತು. ಮೊದಮೊದಲು ಅಣ್ಣತಮ್ಮಂದಿರ ಹೊಲದ ಪೋಡಿಗೆ, ಬದುವಿನ ತಕರಾರಿಗೆ ಜನ ಕರೆಯುತ್ತಿದ್ದರು. ಬರಬರುತ್ತ ಊರ ಹೊರಗಿನ ಪ್ಲಾಟುಗಳ ಹದ್ದುಬಸ್ತಿಗೆ ಕರೆಯತೊಡಗಿದರು. ಜೋಳ ಬೆಳೆಯುತ್ತಿದ್ದ ಸರ್ವೆ ನಂಬರುಗಳು ಒಂದೊಂದಾಗಿ 30x40, 30x50 ತುಂಡುಗಳಾದವು. ನೌಕರಿಯಿಂದ ನಿವೃತ್ತನಾಗಿ ನಾನು ಮನೆ ಕಟ್ಟಿಸಿಕೊಂಡದ್ದೂ ಅಂಥದೊಂದು ತುಂಡಿನ ಮೇಲೆಯೇ.

ಬೆಂಗಳೂರಿನ ಬಡಾವಣೆಗಳ ಚರಿತ್ರೆಯನ್ನು ಬರೆದವರು ಬಹಳ ಮಂದಿ. 2011ರ ಜನಗಣತಿಯಲ್ಲಿ 30ರಿಂದ 40 ಸಾವಿರ ಜನರಿದ್ದ ನಮ್ಮ ತಾಲ್ಲೂಕು ಊರುಗಳು ಅಗಸಿ, ಅಂದರೆ ಊರಬಾಗಿಲು, ದಾಟಿ ಹೊರಗೆ ಬಂದದ್ದು ಹೇಗೆ, ಯಾವ ಸಂಕಟ ಅವುಗಳನ್ನು ಹೊರಗೆ ತಳ್ಳಿತು, ಬಂದವರು ಏನನ್ನು ಕಟ್ಟಿಕೊಂಡರು, ಏನನ್ನು ಬಿಟ್ಟು ಬಂದರು ಎಂಬುದನ್ನು ಯಾರೂ ಜೋಡಿಸಿ ಹೇಳಿದಂತಿಲ್ಲ. ಈ ನೆಲವನ್ನು ಅಳೆದವನಾಗಿ ಅದನ್ನು ಹೇಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ. ಮಕ್ಕಳು ಮರಿ ಕಟ್ಟಿಕೊಂಡ ಸಂಸಾರಕ್ಕೆ ಒಂದು ಓಣಿ ಹಿತವಾಗುವುದು ಪ್ಲಾಟಿನ ಒಳಗಿನ ಅಳತೆಯಿಂದಲ್ಲ, ಪ್ಲಾಟಿನ ಹೊರಗೆ ಎಲ್ಲರಿಗಾಗಿ ಉಳಿದ ನೆಲದಿಂದ. ಈ ಸೀಮೆಯ ಸಾವಿರ ವರ್ಷಗಳ ದಾಖಲೆ ಅದಕ್ಕೆ ಸಾಕ್ಷಿ ಹೇಳುತ್ತದೆ.

ದಾಖಲೆ ಶುರುವಾಗುವುದು ಇಂಡಿ ತಾಲ್ಲೂಕಿನ ಸಾಲೋಟಗಿಯಿಂದ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, 945ನೆಯ ಇಸವಿಯಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲೊಂದು ಶಾಲೆ ಕಟ್ಟಿಸಿದ. ನಾನಾ ನಾಡುಗಳಿಂದ ಓದಲು ಬಂದವರು ಅಲ್ಲಿ ಉಳಿದುಕೊಳ್ಳುತ್ತಿದ್ದರು. ಅಲ್ಲಿನ ಕಂಬದ ಶಾಸನದಲ್ಲಿ ಲೆಕ್ಕ ಸ್ಪಷ್ಟವಾಗಿದೆ: ಶಾಲೆಗೆ 500 ನಿವರ್ತನ ಭೂಮಿ, ವಾಸಕ್ಕೆ 27 ಮನೆ, ದೀಪದ ಖರ್ಚಿಗೆ 12 ನಿವರ್ತನ, ಹೂದೋಟಕ್ಕೆ 4 ನಿವರ್ತನ, ಮುಖ್ಯ ಉಪಾಧ್ಯಾಯನಿಗೆ 50 ನಿವರ್ತನ ಮತ್ತು ಒಂದು ಮನೆ. ಊರವರ ಪಾಲನ್ನೂ ಗೊತ್ತುಮಾಡಿದ್ದಾರೆ. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಣಿಕೆ, ಮುಂಜಿವೆಗೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ.

ನನ್ನ ಕಣ್ಣಿಗೆ ಇದೊಂದು ಬಡಾವಣೆಯ ನಕಾಶೆ. ಮನೆಗಳ ಎಣಿಕೆಯ ಜೊತೆಗೇ ದೀಪಕ್ಕೆಷ್ಟು, ತೋಟಕ್ಕೆಷ್ಟು, ಅದನ್ನೆಲ್ಲ ನಡೆಸಿಕೊಂಡು ಹೋಗುವ ಖರ್ಚು ಎಲ್ಲಿಂದ ಎಂಬುದನ್ನು ಒಂದೇ ಕಲ್ಲಿನ ಮೇಲೆ ಬರೆಸಿದ್ದಾರೆ. ಅದು ಅಗ್ರಹಾರ, ಎಲ್ಲ ಜಾತಿಯವರಿಗೂ ತೆರೆದಿದ್ದ ಜಾಗವಲ್ಲ, ನಿಜ. ಆದರೆ ಮನೆ ಕಟ್ಟಿದರೆ ಕೆಲಸ ಮುಗಿಯಲಿಲ್ಲ, ಮನೆಗಳ ನಡುವಿನ ಬದುಕಿಗೂ ಜಮೀನು ತೆಗೆದಿಡಬೇಕು ಎಂಬ ತಿಳಿವಳಿಕೆ ಹತ್ತನೆಯ ಶತಮಾನದಲ್ಲೇ ಇಂಡಿಯ ನೆರೆಯಲ್ಲಿತ್ತು.

ಮುಂದಿನ ಕಾಲ ಭಯದ ಕಾಲ. ವಿಜಯನಗರವನ್ನು ಕೆಡವಿದ 1565ರ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿಗಳು ಮುದ್ದೇಬಿಹಾಳದ ಕಡೆಯ ಊರುಗಳು. 1686ರಲ್ಲಿ ವಿಜಾಪುರದ ಆದಿಲಶಾಹಿ ಬಿತ್ತು. ಮೊಗಲರು, ಮರಾಠರು, ಆಮೇಲೆ ಪೆಂಢಾರಿಗಳು ಎಂದು ದಂಡು ತಪ್ಪಿದ ವರ್ಷವಿರಲಿಲ್ಲ. ಮುದ್ದೇಬಿಹಾಳ ಊರನ್ನು 1680ರ ಸುಮಾರಿಗೆ ಬಸರಕೋಡದ ನಾಡಗೌಡರ ಪೂರ್ವಜ ಪರಮಣ್ಣ ಕಟ್ಟಿದನೆಂದೂ, 1720ರ ಸುಮಾರಿಗೆ ಅವನ ಮಗ ಹುಚ್ಚಪ್ಪ ಕೋಟೆ ಕಟ್ಟಿಸಿದನೆಂದೂ ಬ್ರಿಟಿಷರ ಗೆಜೆಟಿಯರು ಬರೆದಿಟ್ಟಿದೆ. ಊರು ಹುಟ್ಟಿದ ನಲವತ್ತು ವರ್ಷಕ್ಕೆ ಕೋಟೆ ಬೇಕಾಯಿತು ಎಂಬುದರಿಂದಲೇ ಆ ಕಾಲ ಎಂಥದೆಂದು ತಿಳಿಯುತ್ತದೆ. ಸಣ್ಣ ಊರುಗಳೂ ಸುತ್ತ ಗೋಡೆ ಹಾಕಿಕೊಂಡವು, ಕಾವಲಿಗೆ ಹುಡೇವು ಕಟ್ಟಿಕೊಂಡವು. ದೊಡ್ಡ ಅಗಸಿ ಕತ್ತಲಾದ ಮೇಲೆ ಮುಚ್ಚುತ್ತಿತ್ತು. ಒಳಗೆ ಜಾಗ ಕಡಿಮೆ, ಜನ ಹೆಚ್ಚು. ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟುವ ರೂಢಿ ಬಂದದ್ದು ಹೀಗೆ.

ಆ ಮನೆಗಳನ್ನು ನೋಡದ ಹುಡುಗರು ಈಗ ದೊಡ್ಡವರಾಗಿದ್ದಾರೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಲ್ಲು ಮಣ್ಣಿನ ಗೋಡೆ, ಎರಡು ಎರಡೂವರೆ ಅಡಿ ದಪ್ಪ. ಬೇವಿನ ಕಂಬ, ತೊಲೆ, ಜಂತಿ. ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣಿನ ಮೇಲ್ಮುದ್ದಿ. ನಡುವೆ ಬೆಳಕಿಂಡಿ, ಮಳೆ ಬಂತೆಂದರೆ ಅದಕ್ಕೊಂದು ಮುಚ್ಚಳ. ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಗ್ವಾದಲಿ. ಮೂರು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ದೇವರ ಜಗಲಿ, ಕತ್ತಲು ಕೋಣೆ. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು. ರೋಹಿಣಿ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಸೋರುವುದನ್ನು ತಡೆಯಬೇಕು. ಒಂದು ಮನೆಯವರು ಹಾಕಿ ಪಕ್ಕದವರು ಹಾಕದಿದ್ದರೆ ಇಬ್ಬರ ಗೋಡೆಯೂ ನೆನೆಯುತ್ತಿತ್ತು. ಹೀಗಾಗಿ ಓಣಿಯ ಎಲ್ಲ ಮಾಳಿಗೆಗಳ ಮೇಲೂ ಒಂದೇ ವಾರದಲ್ಲಿ ಮಣ್ಣು ಬೀಳುತ್ತಿತ್ತು.

ಮನೆಗಿಂತ ದೊಡ್ಡ ಮನೆ ಓಣಿ. ಗೌಡರ ಓಣಿ, ಬಣಗಾರ ಓಣಿ, ಗಾಣಿಗೇರ ಓಣಿ, ಕುಂಬಾರ ಓಣಿ. ಅಗಲವನ್ನು ಅಡಿ ಲೆಕ್ಕದಲ್ಲಿ ಯಾರೂ ಇಟ್ಟಿರಲಿಲ್ಲ. ಕಣಿಕೆ ಹೇರಿದ ಬಂಡಿ ಗೋಡೆ ತಿಕ್ಕದೆ ಹಾಯಬೇಕು, ಅಷ್ಟೇ ಅಳತೆ. ಅಲ್ಲಲ್ಲಿ ಓಣಿ ಅಗಲವಾದ ಕಡೆ ಬೇವಿನ ಮರ, ಅದರ ಸುತ್ತ ಕಟ್ಟಿ. ನಾಗರ ಪಂಚಮಿಗೆ ಆ ಮರಕ್ಕೇ ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳು ಜೀಕಲು ಹೋಗುತ್ತಿದ್ದದ್ದು ಅಲ್ಲಿಗೆ. ಕಾರಹುಣ್ಣಿಮೆಯ ಸಂಜೆ ಎತ್ತುಗಳು ಕರಿ ಹರಿಯುತ್ತಿದ್ದದ್ದು ಅಗಸಿಯಲ್ಲಿ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಿದ್ದವರಲ್ಲಿ ಹಿಂದೂಗಳು, ಮುಸಲ್ಮಾನರು ಎಂದು ಬೇರೆ ಮಾಡಿ ಎಣಿಸುವವರಿರಲಿಲ್ಲ. ನಸುಕಿನಲ್ಲಿ ಓಣಿಯುದ್ದಕ್ಕೂ ಬೀಸುವ ಕಲ್ಲಿನ ಸದ್ದು, ಅದರ ಜೊತೆಗೆ ಹಾಡು. ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಆ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದವರಿಗೆ ಆ ಸಾಹಿತ್ಯ ಸಿಕ್ಕಿದ್ದು ಯಾವ ಗ್ರಂಥಾಲಯದಲ್ಲೂ ಅಲ್ಲ, ಇಂಥ ಓಣಿಗಳಲ್ಲಿ.

ಓಣಿಯ ನೆಲದ ಕೆಳಗೂ ಊರು ಇತ್ತು. ಜೋಳ ತುಂಬುವ ಹಗೇವುಗಳು ಎಷ್ಟೋ ಕಡೆ ಬೀದಿಯ ನಡುವೆಯೇ ಇರುತ್ತಿದ್ದವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಕೋಣೆಯಷ್ಟು ಅಗಲ. ಸುತ್ತಲೂ ಕಣಿಕೆ ಹೊಟ್ಟು ಕೊಟ್ಟು ಜೋಳ ಸುರಿದು ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ಕಂದೀಲು ಇಳಿಬಿಟ್ಟು ದೀಪ ಆರದಿದ್ದರೆ ಮಾತ್ರ ಇಳಿಯಬೇಕು. ಒಬ್ಬ ಇಳಿದರೆ ಮೇಲೆ ನಾಲ್ವರು ನಿಲ್ಲಬೇಕು. ಹಗೇವು ಒಬ್ಬನದು, ಅದನ್ನು ತೆರೆಯುವ ಕೆಲಸ ಓಣಿಯದು.

ಇಷ್ಟು ಹೇಳಿ ಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಅಗಸಿಯ ಒಳಗೆ ಎಲ್ಲರಿಗೂ ಜಾಗವಿರಲಿಲ್ಲ. ದಲಿತರ ಕೇರಿ ಗೋಡೆಯ ಹೊರಗೆ ಇತ್ತು. ದಂಡು ಬಂದಾಗ ಮೊದಲ ಪೆಟ್ಟು ಬೀಳುತ್ತಿದ್ದದ್ದು ಅವರ ಮೇಲೆ. ಓಣಿಯ ಸಿಹಿನೀರಿನ ಬಾವಿಗೆ ಅವರ ಕೊಡ ಇಳಿಯುವಂತಿರಲಿಲ್ಲ. ನಾನು ಹಳೆಯ ನಕಾಶೆ ಹಿಡಿದು ಊರು ಅಳೆಯುವಾಗ ಕೇರಿಯ ಗೆರೆ ಊರಿನ ಗೆರೆಯಿಂದ ಬೇರೆಯಾಗಿಯೇ ಕಾಣುತ್ತಿತ್ತು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಆ ಕಾಲಕ್ಕೆ ಅಗ್ರಹಾರವೇ. ಆ ಅಗ್ರಹಾರದ ಕಟ್ಟಳೆ ಒಪ್ಪದೆ ಹೊರಟವರು ಕಲ್ಯಾಣದಲ್ಲಿ ಎಲ್ಲ ಕಾಯಕದವರನ್ನೂ ಒಂದು ಕಡೆ ಕೂಡಿಸಿದರು. ಅವರ ಹೆಸರನ್ನೇ ಹೊತ್ತ ಊರು ಸೇರಿದಂತೆ ನಮ್ಮ ನಾಲ್ಕೂ ಊರುಗಳು ಶತಮಾನಗಳುದ್ದಕ್ಕೂ ಓಣಿಯನ್ನು ಜಾತಿಯ ಲೆಕ್ಕದಲ್ಲೇ ಕಟ್ಟಿಕೊಂಡು ಬಂದವು. ಹಳೆಯ ಓಣಿಯನ್ನು ನೆನೆದು ಕಣ್ಣೀರಿಡುವವರು ಇದನ್ನೂ ನೆನೆಯಬೇಕು.

1818ರಲ್ಲಿ ಪೇಶ್ವೆಯವರ ಆಡಳಿತ ಮುಗಿಯಿತು. ಈ ಭಾಗದ ಬಹುಪಾಲು ಸಾತಾರಾ ರಾಜರ ಕೈಗೆ ಹೋಗಿ, 1848ರಲ್ಲಿ ಸಾತಾರಾ ಸಂಸ್ಥಾನವೇ ಬ್ರಿಟಿಷರ ವಶವಾದಾಗ ಕಂಪನಿ ಸರಕಾರಕ್ಕೆ ಸೇರಿತು. ಸರ್ವೆಯವರು ಬಂದು ಹೊಲಗಳಿಗೆ ನಂಬರು ಕೊಟ್ಟರು, ಬಾಂದುಗಲ್ಲು ನೆಟ್ಟರು, ಆಕಾರಬಂದು ಬರೆದರು. ಊರು ಇದ್ದ ಜಾಗದ ಸುತ್ತ ಗೆರೆ ಎಳೆದು ಅದನ್ನು ಗಾಂವಠಾಣ ಎಂದರು. ಗೆರೆಯ ಒಳಗೆ ಮನೆ, ಹೊರಗೆ ಹೊಲ. ನೂರು ವರ್ಷಕ್ಕೂ ಮಿಕ್ಕಿ ಆ ಗೆರೆ ಊರನ್ನು ಹಿಡಿದಿಟ್ಟಿತು. ಗೋಡೆ ಬಿದ್ದುಹೋದ ಊರುಗಳಲ್ಲೂ ಗಾಂವಠಾಣದ ಗೆರೆ ಕಾಗದದ ಮೇಲೆ ನಿಂತೇ ಇತ್ತು.

ಜನ ಅಗಸಿ ದಾಟಿದ್ದು ಸಂಕಟದಲ್ಲಿ. 1876ರಿಂದ 78ರವರೆಗಿನ ಬರ ನಮ್ಮ ಜಿಲ್ಲೆಯನ್ನು ಹಿಂಡಿತು. ಆಗ ಜಿಲ್ಲೆಯ ಹೆಸರು ಕಲಾದಗಿ. ಮುಂಬೈ ಇಲಾಖೆಯಲ್ಲಿ ಅತಿ ಹೆಚ್ಚು ಬವಣೆಪಟ್ಟ ಜಿಲ್ಲೆಗಳಲ್ಲಿ ಅದೂ ಒಂದು. 1872ಕ್ಕೆ ಹೋಲಿಸಿದರೆ 1881ರ ಜನಗಣತಿಯಲ್ಲಿ ತಲೆಗಳೇ ಕಡಿಮೆಯಾಗಿದ್ದವು. ಹಿಂದೆಯೇ 1884ರ ಹೊತ್ತಿಗೆ ಹೊಟಗಿ–ಗದಗ ರೈಲು ಬಂತು, 1885ರಲ್ಲಿ ಜಿಲ್ಲೆಯ ಕಚೇರಿ ವಿಜಾಪುರಕ್ಕೆ ಬಂತು. ಆದರೆ ರೈಲು ನಮ್ಮ ಊರುಗಳನ್ನು ಮುಟ್ಟಲಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ಸ್ಟೇಷನ್ನುಗಳು ಊರಿನಿಂದ ದೂರ ನಿಂತವು. ಸಿಂದಗಿ, ಮುದ್ದೇಬಿಹಾಳಗಳಿಗೆ ಹಳಿಯೇ ಬರಲಿಲ್ಲ. ಹೀಗಾಗಿ ಈ ಊರುಗಳ ಬೆಳವಣಿಗೆ ಮುಂದೆ ಮೋಟಾರು ರಸ್ತೆಯ ಗುಂಟ ನಡೆಯಿತು.

ಬರದ ಬೆನ್ನಿಗೆ ಪ್ಲೇಗ್. 1896ರಲ್ಲಿ ಮುಂಬೈಗೆ ಬಂದ ಬೇನೆ ಮುಂದಿನ ವರ್ಷಗಳಲ್ಲಿ ನಮ್ಮ ಸೀಮೆಗೂ ಹರಡಿತು. ಅದೇ ಬೇನೆಯ ಹೆದರಿಕೆಯಿಂದ 1898ರಲ್ಲಿ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ನಮ್ಮಲ್ಲಿ ಅಂಥ ಬಡಾವಣೆ ಹಾಕಿಕೊಡುವ ರಾಜರಿರಲಿಲ್ಲ. ಇಲಿ ಬಿತ್ತೆಂದರೆ ಜನ ಗಂಟುಮೂಟೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಮ್ಮ ಮುತ್ತಜ್ಜಿಯ ಕಾಲದ ಈ ಮಾತು ಮನೆಯಲ್ಲಿ ಉಳಿದುಬಂದಿದೆ: ಹೊಲದ ಗುಡಿಸಲಲ್ಲಿ ಇದ್ದಾಗ ಜಾತಿ ನೋಡದೆ ಒಂದೇ ಬಾವಿಯ ನೀರು ಕುಡಿದರಂತೆ, ಬೇನೆ ಇಳಿದು ಊರಿಗೆ ಮರಳಿದ ಮೇಲೆ ಮತ್ತೆ ಮೊದಲಿನಂತೆಯೇ.

ಖಾಯಂ ಆಗಿ ಅಗಸಿಯ ಹೊರಗೆ ಮನೆ ಕಟ್ಟಿದವರು ನೌಕರದಾರರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ತಾಲ್ಲೂಕು ಊರುಗಳಿಗೆ ಹೈಸ್ಕೂಲು, ದವಾಖಾನೆ, ವಿದ್ಯುತ್ ಕಚೇರಿ, ಬಿಡಿಒ ಆಫೀಸು ಎಂದು ಒಂದೊಂದಾಗಿ ಬಂದವು. ಅವುಗಳ ಜೊತೆಗೆ ಹೊರಗಿನ ಮಾಸ್ತರರು, ಕಂಪೌಂಡರರು, ಗುಮಾಸ್ತರು ಬಂದರು. ಹಳೆಯ ಓಣಿಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಬಾಗಿಲಲ್ಲೇ ಮೊದಲ ಪ್ರಶ್ನೆ: “ಯಾವ ಮಂದಿರೀ ನೀವು?” ಉತ್ತರ ಒಪ್ಪಿಗೆಯಾಗದಿದ್ದರೆ ಮನೆ ಖಾಲಿ ಇದ್ದರೂ ಇಲ್ಲ. ನನ್ನ ಜೊತೆ ಸರಪಳಿ ಹಿಡಿದ ಒಬ್ಬ ಗೆಳೆಯ, ದಲಿತ ಮನೆತನದವನು, ಒಂದು ಊರಲ್ಲಿ ಮನೆ ಸಿಗದೆ ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲೇ ಬಿಟ್ಟು ಆಫೀಸಿನ ದಪ್ತರದ ಕೋಣೆಯಲ್ಲಿ ಮಲಗುತ್ತಿದ್ದ. ಊರ ಹೊರಗೆ ಪ್ಲಾಟ್ ಬಿದ್ದಾಗ ಕಂತಿನ ಮೇಲೆ ಮೊದಲು ಹಣ ಕೊಟ್ಟವರಲ್ಲಿ ಅವನೂ ಒಬ್ಬ. ವಿದ್ಯಾನಗರ, ಬಸವನಗರ, ಶಾಂತಿನಗರ ಎಂಬ ಹೆಸರಿಟ್ಟುಕೊಂಡ ಕಾಲನಿಗಳು ನಮ್ಮ ಊರುಗಳಿಗೆ ಕೊಟ್ಟ ದೊಡ್ಡ ಕಾಣಿಕೆ ಇದು: ಇಲ್ಲಿ ದುಡ್ಡು ಕೊಟ್ಟವನಿಗೆ ನೆಲ ಸಿಕ್ಕಿತು, ಜಾತಿ ಕೇಳಲಿಲ್ಲ. ಒಂದೇ ಸಾಲಿನಲ್ಲಿ ಪಂಚಮಸಾಲಿಗಳು, ಮುಸಲ್ಮಾನರು, ಕುರುಬರು, ಬ್ರಾಹ್ಮಣರು, ದಲಿತರು ಮನೆ ಕಟ್ಟಿಕೊಂಡ ಕಾಲನಿಗಳನ್ನು ನಾನೇ ಅಳೆದಿದ್ದೇನೆ. ಎಲ್ಲ ಕಡೆ ಹೀಗಾಯಿತು ಎನ್ನಲಾರೆ. ಆದರೆ ಎಲ್ಲಿ ಆಯಿತೋ ಅಲ್ಲಿ ಶತಮಾನಗಳ ಗೆರೆ ಅಳಿಸಿತು.

ಮೂರನೆಯ ಸಂಕಟ ನೀರಿನದು. ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಯವರು ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಕೆಲವೇ ದಿನಗಳಲ್ಲಿ ಅವರು ಪ್ರಧಾನಿಯಾದರು; ಜಲಾಶಯಕ್ಕೆ ಮುಂದೆ ಅವರ ಹೆಸರೇ ಬಂತು. ನೀರು 519.6 ಮೀಟರಿಗೆ ನಿಲ್ಲುವಂತಾದಾಗ ಕೃಷ್ಣೆಯ ದಂಡೆಯ ಊರುಗಳು ಮುಳುಗಿದವು. ಬಾಗಲಕೋಟೆಗೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿಯ ಯೋಜನೆಯ ನವನಗರ ಸಿಕ್ಕಿತು. ಮೊಸರಿಗೆ ಹೆಸರಾದ ಕೊಲ್ಹಾರದವರು ಹಳೆಯ ಊರು ಬಿಟ್ಟು ಹೊಸ ಕೊಲ್ಹಾರಕ್ಕೆ ಬಂದರು. ಹಳ್ಳಿಗಳಿಗೆ ಪುನರ್ವಸತಿ ಕೇಂದ್ರಗಳು ಬಂದವು. ನೇರ ರಸ್ತೆ, ಚೌಕಟ್ಟಾದ ಪ್ಲಾಟು, ಶಾಲೆ, ನೀರಿನ ಟಾಕಿ, ಎಲ್ಲವೂ ಕಾಗದದ ಮೇಲೆ ಸರಿಯಾಗಿತ್ತು. ಅಲ್ಲೊಮ್ಮೆ ಅಳತೆಗೆ ಹೋದಾಗ ಒಬ್ಬ ವಯಸ್ಸಾದ ತಾಯಿ ನನಗೆ ಚಹಾ ಕೊಟ್ಟು ಹೇಳಿದ್ದರು: “ಮನೀ ಕೊಟ್ರು ಸಾಹೇಬ್ರ, ಓಣಿ ಕೊಡಲಿಲ್ಲ. ಬಾಜೂ ಮನಿ ಯಾರದಂತ ತಿಳೀಲಾಕ ವರ್ಷ ಹಿಡೀತು.” ಪ್ಲಾಟು ಹಂಚುವಾಗ ಒಂದು ಓಣಿಯವರನ್ನು ಒಂದು ಕಡೆ ಇಡದೆ ಚದುರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಖಚಿತವಾದ ವರದಿ ನಾನು ಓದಿಲ್ಲ.

ಮನೆಯ ರೂಪವನ್ನೇ ಬದಲಿಸಿದ್ದು ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಸಾವಿರಾರು ಜನ ಸತ್ತದ್ದು ಕಲ್ಲುಮಣ್ಣಿನ ದಪ್ಪ ಗೋಡೆ, ಭಾರದ ಮೇಲ್ಮುದ್ದಿಯ ಕೆಳಗೆ. ನಡುಕ ನಮ್ಮ ಜಿಲ್ಲೆಗೂ ತಟ್ಟಿತು. ಅಂಥವೇ ಮನೆಗಳಲ್ಲಿದ್ದ ಇಂಡಿ, ಸಿಂದಗಿ ಕಡೆಯವರು ರಾತ್ರಿಗಳನ್ನು ಬಯಲಲ್ಲಿ ಕಳೆದರು. ಅಲ್ಲಿಂದ ಆರ್‌ಸಿಸಿ ಸ್ಲ್ಯಾಬಿನ ಮನೆಯೇ ಮನೆ ಎಂಬ ನಂಬಿಕೆ ಬೇರೂರಿತು. ಹಳೆಯ ಓಣಿಯಲ್ಲಿ ಒಂದು ಮನೆ ಕೆಡವಿ ಸ್ಲ್ಯಾಬ್ ಹಾಕಲು ಹೋದರೆ ಎರಡೂ ಪಕ್ಕದ ಗೋಡೆ ಅಲ್ಲಾಡುತ್ತಿದ್ದವು. ಹೊರಗಿನ ಪ್ಲಾಟೇ ವಾಸಿ ಎಂದು ಜನ ಬಂದರು. 2009ರ ಮಳೆಯಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು, ಸರಕಾರ ಆಸರೆ ಮನೆಗಳನ್ನು ಕಟ್ಟಿಸಿತು. ಎಷ್ಟೋ ಆಸರೆ ಮನೆಗಳಿಗೆ ಜನ ಹೋಗಲಿಲ್ಲ. ಎತ್ತು ಕಟ್ಟಲು, ಬಂಡಿ ನಿಲ್ಲಿಸಲು, ಬಣವೆ ಒಟ್ಟಲು ಅಲ್ಲಿ ಜಾಗವಿರಲಿಲ್ಲ, ಹೊಲ ದೂರವಿತ್ತು. ಗೋಡೆ ಗಟ್ಟಿಯಾದ ಮಾತ್ರಕ್ಕೆ ಸಂಸಾರ ಅಲ್ಲಿ ನಿಲ್ಲುವುದಿಲ್ಲ.

ಈಗಿನದು ಎನ್‌ಎ ಕಾಲ. 1964ರ ಭೂಕಂದಾಯ ಅಧಿನಿಯಮದ 95ನೆಯ ಕಲಮಿನ ಪ್ರಕಾರ ಹೊಲವನ್ನು ಕೃಷಿಯೇತರ (ಎನ್‌ಎ) ಮಾಡಿಸಿ, ನಕಾಶೆಗೆ ಮಂಜೂರಿ ಪಡೆದು, ರಸ್ತೆ, ಗಟಾರ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಉಳಿದದ್ದನ್ನು ಮಾರಬೇಕು. ಹೀಗೆ ಬಿಟ್ಟ ಜಾಗದ ಹಕ್ಕನ್ನು ಪುರಸಭೆಗೆ ಬರೆದುಕೊಡಬೇಕು. ಇದು ಒಂದು ದಾರಿ. ಇನ್ನೊಂದು ದಾರಿ ಗುಂಟೆ ಪ್ಲಾಟು: ಎನ್‌ಎ ಇಲ್ಲ, ಮಂಜೂರಿ ಇಲ್ಲ, ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡರಿಸಿ ಬಾಂಡ್ ಕಾಗದದ ಮೇಲೆ ಬರೆದುಕೊಡುವುದು. ದುಬೈಗೆ, ಪುಣೆಗೆ, ಗೋವೆಗೆ ದುಡಿಯಲು ಹೋದವರ ಬೆವರಿನ ದುಡ್ಡು ಇಂಥ ಕಾಗದಗಳ ಹಿಂದೆ ಬಹಳ ಹೋಗಿದೆ. ಖಾತೆ ಏರುವುದಿಲ್ಲ, ಸಾಲ ಸಿಗುವುದಿಲ್ಲ, ಮಳೆ ಬಂದರೆ ಎರೆಮಣ್ಣಿನ ಕೆಸರಲ್ಲಿ ಮಕ್ಕಳು ಶಾಲೆಗೆ ಹೋಗಲಾರರು.

ಮಂಜೂರಿಯಾದ ಲೇಔಟಿನಲ್ಲೂ ಎಲ್ಲ ನೆಟ್ಟಗಿರುವುದಿಲ್ಲ. ನಮ್ಮ ಕಾಲನಿಯ ನಕಾಶೆಯಲ್ಲಿ ಉದ್ಯಾನ ಎಂದು ಹಸಿರು ಬಣ್ಣ ಹಚ್ಚಿದ ಮೂಲೆ ಒಂದಿದೆ. ನಾನು ಮನೆ ಕಟ್ಟಲು ಬಂದಾಗ ಅಲ್ಲಿ ಜಾಲಿಕಂಟಿ, ಅರ್ಧ ಜಾಗಕ್ಕೆ ಯಾರೋ ತಂತಿ ಬೇಲಿ. ಓಣಿಯವರನ್ನು ಕೂಡಿಸಿದೆ. ಮಂಜೂರಿ ನಕಾಶೆಯ ನಕಲು ತೆಗೆಸಿ, ಮೂಲೆಯ ಬಾಂದುಗಲ್ಲು ಹುಡುಕಿ ತೆಗೆದೆವು. ಒಂದು ಕಲ್ಲು ಮಣ್ಣಲ್ಲಿ ಮೊಳದಷ್ಟು ಆಳಕ್ಕೆ ಹುಗಿದುಹೋಗಿತ್ತು. ಟೇಪು ಹಿಡಿದವರು ಹೈಸ್ಕೂಲಿನ ಹುಡುಗಿಯರು. ಅಳತೆ ಮುಗಿದ ದಿನವೇ ನಾಲ್ಕೂ ಮೂಲೆಗೆ ಹೊಸ ಕಲ್ಲು ನೆಟ್ಟು ಸುಣ್ಣ ಬಳಿದೆವು, ಪುರಸಭೆಗೆ ಅರ್ಜಿ ಕೊಟ್ಟೆವು, ಬೇಲಿ ಹೋಯಿತು. ಈಗ ಅಲ್ಲಿ ಬೇವಿನ ಗಿಡಗಳಿವೆ, ಸಂಜೆ ಮಕ್ಕಳ ಕಬಡ್ಡಿ ಇದೆ, ಬನ್ನಿ ಕೊಡುವ ದಿನ ಓಣಿಯೆಲ್ಲ ಅಲ್ಲೇ ಕೂಡುತ್ತದೆ.

ಇಂಥ ಜಾಗವನ್ನು ನಿಯಮವೇ ಕಾಯುವ ಬಡಾವಣೆಯನ್ನೂ ನಾನು ನೋಡಿದ್ದೇನೆ. ಮಗಳು ಅಳಿಯ ಕೆನಡಾದ ಒಂಟಾರಿಯೊ ಪ್ರಾಂತದ ಕಿಚನರ್‌ನಲ್ಲಿದ್ದಾರೆ. 2021ರ ಜನಗಣತಿಯಲ್ಲಿ ಸುಮಾರು ಎರಡೂವರೆ ಲಕ್ಷ ಜನರಿದ್ದ ಮಧ್ಯಮ ಗಾತ್ರದ ಊರು. 1916ರವರೆಗೆ ಅದರ ಹೆಸರು ಬರ್ಲಿನ್ ಎಂದಿತ್ತಂತೆ. ಅವರಿರುವುದು ಊರಂಚಿನ ಬಡಾವಣೆ. ನಾನು ಹೋದಾಗ ಅಭ್ಯಾಸಬಲದಿಂದ ಹೆಜ್ಜೆ ಎಣಿಸುತ್ತ ಸುತ್ತಾಡಿದೆ. ಶಾಲೆಗೆ ಮೊಮ್ಮಗ ನಡೆದು ಹೋಗುತ್ತಾನೆ, ದೊಡ್ಡ ರಸ್ತೆ ದಾಟಬೇಕಾಗಿಲ್ಲ. ಹಿಮ ಬಿದ್ದು ನಿಂತ 24 ತಾಸಿನೊಳಗೆ ಮನೆ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕೆಂಬ ನಿಯಮ. ಎದುರು ಮನೆಯ ಮುದುಕರ ಪಾಲಿನದನ್ನು ಅಳಿಯನೇ ಮಾಡುತ್ತಾನೆ. ಈ ವ್ಯವಸ್ಥೆ ತಾನಾಗಿ ಹುಟ್ಟಿದ್ದಲ್ಲ. ಬಡಾವಣೆಯ ನಡುವೆ ಒಂದು ಪ್ರಾಥಮಿಕ ಶಾಲೆ ಇರಬೇಕು, ಮಗು ದೊಡ್ಡ ರಸ್ತೆ ದಾಟಬಾರದು, ಹತ್ತರಲ್ಲಿ ಒಂದು ಪಾಲು ನೆಲ ಆಟಕ್ಕೆ, ಉದ್ಯಾನಕ್ಕೆ ಇರಬೇಕು ಎಂದು ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ಸೂತ್ರ ಬರೆದ. 1953ರಲ್ಲಿ ಟೊರಾಂಟೊದ ಹೊರಗೆ ಡಾನ್ ಮಿಲ್ಸ್ ಬಡಾವಣೆ ಎದ್ದದ್ದು ಆ ವಿಚಾರದ ಮೇಲೆ, ಆಮೇಲೆ ಕೆನಡಾದ ಎಷ್ಟೋ ಊರುಗಳು ಅದನ್ನು ನೋಡಿ ಕಲಿತವು. ಆದರೆ ಅಲ್ಲಿ ಕಟ್ಟಿಯಿಲ್ಲ. ಮಧ್ಯಾಹ್ನ ಬೀದಿಯಲ್ಲಿ ಮನುಷ್ಯರ ಸದ್ದಿಲ್ಲ, ಒಂದು ಲಿಂಬೆಹಣ್ಣು ಬೇಕಾದರೂ ಕಾರು ತೆಗೆಯಬೇಕು. ಅವರ ಕಾಯ್ದೆಯ ಶಿಸ್ತು ನಮಗೆ ಬೇಕು. ನಮ್ಮ ಓಣಿಯ ಒಡನಾಟ ಅವರಿಗೆ ಬೇಕು.

ನಮಗೆ ಎರಡೂ ಸಾಧ್ಯ ಎಂದು ನಾನು ನಂಬುತ್ತೇನೆ. ಹಳೆಯ ಓಣಿಯ ಒಡನಾಟವನ್ನು ಅದರ ಜಾತಿಗೆರೆ ಬಿಟ್ಟು ತರಬಹುದು. ಹೊಸ ಕಾಲನಿಯ ಸಮಾನತೆಯನ್ನು ಅದರ ಒಂಟಿತನ ಬಿಟ್ಟು ಉಳಿಸಿಕೊಳ್ಳಬಹುದು. ಅದಕ್ಕೆ ಬೇಕಾದ್ದು ಶಾಲೆ ಹತ್ತಿರ, ಕಟ್ಟಿಯೊಂದು, ಮರವೊಂದು, ಮಕ್ಕಳಿಗೆ ಬಯಲು. 945ರಲ್ಲಿ ದೀಪಕ್ಕೂ ಹೂದೋಟಕ್ಕೂ ನೆಲ ಬರೆದಿಟ್ಟ ಸೀಮೆ ಇದು. ಇಂದು ನಮಗೆ ಅಷ್ಟು ಮಾಡಲಾಗದು ಎಂದರೆ ಒಪ್ಪತಕ್ಕ ಮಾತಲ್ಲ.

ಆದ್ದರಿಂದ ನಮ್ಮ ನಾಲ್ಕು ಊರುಗಳ ಸಂಸಾರವಂದಿಗರಲ್ಲಿ ನನ್ನದೊಂದು ವಿನಂತಿ. ಪ್ಲಾಟ್ ಕೊಳ್ಳುವ ಮುನ್ನ ಎನ್‌ಎ ಆದೇಶ ನೋಡಿ, ಉತಾರ ನೋಡಿ. ಅಷ್ಟಕ್ಕೇ ಬಿಡದೆ ಮಂಜೂರಾದ ನಕಾಶೆ ಬಿಡಿಸಿ ಉದ್ಯಾನ ಎಲ್ಲಿದೆ, ಶಾಲೆಗೆ ಬಿಟ್ಟ ಜಾಗ ಎಲ್ಲಿದೆ, ಅದರ ಹಕ್ಕು ಪುರಸಭೆಗೆ ಬರೆದುಕೊಟ್ಟಾಗಿದೆಯೇ ಎಂದು ಕೇಳಿ. ಈಗಾಗಲೇ ಮನೆ ಕಟ್ಟಿಕೊಂಡವರು ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಕಾಶೆಯ ನಕಲು ತೆಗೆಸಿ, ಓಣಿಯವರೆಲ್ಲ ಕೂಡಿ ಆ ಜಾಗ ಅಳೆಯಿಸಿ, ಮೂಲೆಮೂಲೆಗೆ ಕಲ್ಲು ನೆಡಿಸಿ. ಅಳತೆಗೆ ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿ, ಟೇಪಿನ ಒಂದು ತುದಿ ಅವರ ಕೈಗೆ ಕೊಡಿ.